ಅಜ್ಜಿ ಇನ್ನೂ ಇದ್ದಾರೆ, ತೆಗೆಯಬಹುದು

ಪರೀಕ್ಷೆ ಹೋಗಿ ಫೈಲು ಬಂದ ವರ್ಷ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವನು. ಅವನ ನಂತರದ ಸ್ಥಾನ ನಮ್ಮ ವಿಭಾಗದ ಮುಖ್ಯಸ್ಥರದು. ಅವರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಅಳತೆಪಟ್ಟಿ. ರಜೆಯಲ್ಲಿ ಎಂಟು ದಿನದ ತರಬೇತಿಗೆಂದು ಹೋದವರು ಲ್ಯಾಮಿನೇಟ್ ಮಾಡಿಸಿದ ಒಂದು ಕೋಷ್ಟಕ ಹಿಡಿದುಕೊಂಡು ವಾಪಸಾದರು. ಅಂದಿನಿಂದ ಅದು ಅವರನ್ನು ಬಿಟ್ಟಿದ್ದನ್ನು ಕಂಡವರಿಲ್ಲ. ಊಟದ ಡಬ್ಬಿಯ ಅಡಿಯಲ್ಲೂ ಅದೇ ಹಾಸಿರುತ್ತಿತ್ತು.

"ಮೂರು ಗಂಟೆ ಪರೀಕ್ಷೆ ಬರೆಸಿ ಒಂದು ಮಗುವಿನ ಬರವಣಿಗೆ ಅಳೆಯೋಕಾಗುತ್ತಾ?" ಎಂದು ಅವರು ಮೊದಲ ಸಭೆಯಲ್ಲಿ ಕೇಳಿದರು. "ಅವತ್ತು ಅದಕ್ಕೆ ಜ್ವರ ಇರಬಹುದು, ತಲೆನೋವಿರಬಹುದು. ಇಡೀ ವರ್ಷ ಬರೆದಿದ್ದನ್ನ ಒಟ್ಟಿಗೆ ಇಟ್ಕೊಂಡು ನೋಡ್ಬೇಕು."

ಮಾತೇನೋ ಸರಿಯಾಗಿತ್ತು. ಅಳತೆಪಟ್ಟಿಯವರ ಮಾತು ಯಾವಾಗಲೂ ಸರಿಯಾಗಿಯೇ ಶುರುವಾಗುತ್ತದೆ. ಆಮೇಲೆ ಕೋಷ್ಟಕ ಹೊರಬರುತ್ತದೆ. ಅದರ ಪ್ರಕಾರ ಮೊದಲ ವರ್ಷದ ಪ್ರತಿ ವಿದ್ಯಾರ್ಥಿಯೂ ಒಂದೇ ಬರಹವನ್ನು ಮೂರು ಸಲ ತಿದ್ದಿ ಬರೆಯಬೇಕು. ಪ್ರತಿ ಕರಡಿಗೂ ಮೇಷ್ಟರು ಟಿಪ್ಪಣಿ ಕೊಡಬೇಕು. ಕೈಬರಹ ಗುರುತು ಸಿಕ್ಕಿ ಪಕ್ಷಪಾತ ಆಗಬಾರದೆಂದು ಆ ಟಿಪ್ಪಣಿಯನ್ನು ಟೈಪ್ ಮಾಡಿ ಚೀಟಿಯಾಗಿ ಪಿನ್ನು ಹೊಡೆಯಬೇಕು. ಫೈಲಿನಲ್ಲಿ ಮೊದಲ ಕರಡು ಮೇಲೆ, ಕೊನೆಯದು ಕೆಳಗೆ. ಹಿಂದಿನ ಜೇಬಿನಲ್ಲಿ, ನಾನು ಹೇಗೆ ಬೆಳೆದೆ ಎಂದು ವಿದ್ಯಾರ್ಥಿಯೇ ಬರೆದ ಒಂದು ಪತ್ರ. ಇಬ್ಬರು ಓದಿ ಆರಕ್ಕೆ ಅಂಕ ಕೊಡುತ್ತಾರೆ. ಮೂರಕ್ಕಿಂತ ಕಡಿಮೆ ಬಂದರೆ ವರ್ಷ ಪೂರ್ತಿ ಮತ್ತೆ ಕೂರಬೇಕು. ಎಲ್ಲಕ್ಕಿಂತ ದೊಡ್ಡ ಕಾಲಂ ಬೆಳವಣಿಗೆಯದು. ಮೊದಲನೆಯದಕ್ಕಿಂತ ಮೂರನೆಯದು ಕೆಟ್ಟಿದ್ದರೆ ಅದಕ್ಕೆ ಹಿಮ್ಮುಖ ಬೆಳವಣಿಗೆ ಎಂದು ಹೆಸರು. ಉಳಿದದ್ದು ಏನೇ ಇರಲಿ, ಎರಡಕ್ಕಿಂತ ಹೆಚ್ಚು ಕೊಡುವಂತಿಲ್ಲ.

ನಮ್ಮ ಮಕ್ಕಳು ದಡ್ಡರಲ್ಲ. ಬೆಳೆದವರಿಗೆ ಅಂಕ ಎಂದು ತಿಳಿದ ಹದಿನೈದೇ ದಿನದಲ್ಲಿ ಅವರು ಕೆಲಸವನ್ನು ತಿರುವುಮುರುವು ಮಾಡಿಕೊಂಡರು. ಮೊದಲು ಕೊನೆಯ ಕರಡನ್ನು ಚೆನ್ನಾಗಿ ಬರೆಯುವುದು, ಆಮೇಲೆ ಅದನ್ನು ಸ್ವಲ್ಪ ಕೆಡಿಸಿ ಎರಡನೆಯದು, ಪೂರ್ತಿ ಕುಲಗೆಡಿಸಿ ಮೊದಲನೆಯದು. ಕೆಡಿಸುವುದರಲ್ಲಿ ಕೈ ಪಳಗಿದವರಿಗೆ ಹಾಸ್ಟೆಲಿನಲ್ಲಿ ಬೇಡಿಕೆಯೋ ಬೇಡಿಕೆ. ಒಬ್ಬ ಮಹಾಶಯನ ಮೊದಲ ಕರಡಿನಲ್ಲಿ ಅವನ ಸ್ವಂತ ಹೆಸರೇ ಎರಡು ಕಡೆ ತಪ್ಪಾಗಿತ್ತು. ಮೂರನೆಯದರಲ್ಲಿ ಅವನು ಪತ್ರಿಕೆಯ ಸಂಪಾದಕನಂತೆ ಬರೆದಿದ್ದ. ಅಳತೆಪಟ್ಟಿಯವರು ಆ ಫೈಲನ್ನು ಎದೆಗವಚಿಕೊಂಡು ಆರಕ್ಕೆ ಆರು ಕೊಟ್ಟರು.

ಇನ್ನು ನನ್ನ ವಿಷಯ. ಹತ್ತೊಂಬತ್ತು ವರ್ಷದಿಂದ ಇಲ್ಲಿ ಬರವಣಿಗೆ ಕಲಿಸುತ್ತಿದ್ದೇನೆ. ಮಕ್ಕಳು ನನ್ನನ್ನು ಉಪಸಂಹಾರ ಮೇಡಂ ಅನ್ನುತ್ತಾರೆ. ಯಾರು ಏನೇ ಬರೆದು ತಂದರೂ ಕೊನೆಯ ಪುಟ ತಿರುಗಿಸಿ, "ಉಪಸಂಹಾರ ಎಲ್ಲಿ?" ಎಂದು ಕೇಳುವುದು ನನಗೆ ಉಸಿರಾಡಿದಷ್ಟೇ ಸಲೀಸು. ಅಳತೆಪಟ್ಟಿಯವರನ್ನು ಆಡಿಕೊಂಡು ನಗುವುದರಲ್ಲಿ ಸ್ಟಾಫ್ ರೂಮಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಕೋಷ್ಟಕವಿಲ್ಲದೆಯೇ ನನಗೆ ಒಳ್ಳೆಯ ಬರಹ ಗೊತ್ತಾಗುತ್ತದೆ ಎಂಬ ಜಂಬ ನನಗಿತ್ತು.

ನನ್ನ ತರಗತಿಯಲ್ಲಿ ಬಾಗಿಲ ಪಕ್ಕ ಒಬ್ಬ ಹುಡುಗಿ ಕೂರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಇಲ್ಲದಿದ್ದರೆ ಮೌನ. ಮೊದಲ ಕರಡಿಗೆ ನಾನು ಟಿಪ್ಪಣಿ ಕೊಟ್ಟ ಮರುದಿನ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮೇಡಂ, ಪಾಸಾಗೋಕೆ ಏನು ಬೇಕೋ ಹೇಳಿಬಿಡಿ. ಹಾಗೇ ಬರೀತೀನಿ."

"ಅಷ್ಟೊಂದು ಅವಸರ ಯಾಕಮ್ಮ?"

"ನಮ್ಮ ಚಿಕ್ಕಪ್ಪ ಒಂದು ಸಲ ಫೇಲಾದ್ರೂ ವಾಪಸ್ ಬಾ ಅಂದಿದ್ದಾರೆ. ಅವರದ್ದು ಲಾಂಡ್ರಿ. ಕೌಂಟರಿನಲ್ಲಿ ಕೂರಬೇಕಾಗುತ್ತೆ. ಹೋದರೆ ಮತ್ತೆ ಬರೋಕಾಗಲ್ಲ."

ನನಗೆ ಕನಿಕರವಾಯಿತು. ಕನಿಕರವಾದಾಗ ನಾನು ಇನ್ನೂ ಹೆಚ್ಚು ತಿದ್ದುತ್ತೇನೆ. ಅವಳು ನಾನು ಹೇಳಿದ ಒಂದೊಂದನ್ನೂ ಚಾಚೂ ತಪ್ಪದೆ ಮಾಡಿದಳು. ಮೂರನೆಯ ಕರಡು ಕೈಗೆ ಬಂದಾಗ ಅದು ಅಚ್ಚುಕಟ್ಟಾಗಿ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗಿತ್ತು. ಬಹಳ ಚೆನ್ನಾಗಿದೆ ಎಂದು ಟೈಪ್ ಮಾಡಿ, ಈ ಹುಡುಗಿಗೆ ಲಾಂಡ್ರಿ ತಪ್ಪಿತು ಎಂದು ಸಮಾಧಾನಪಟ್ಟುಕೊಂಡೆ.

ಅಂಕ ಹಾಕುವ ದಿನ ಉದ್ದ ಮೇಜಿನ ಸುತ್ತ ನಾವು ಒಂಬತ್ತು ಜನ ಕೂತೆವು. ಫೈಲುಗಳ ಗುಡ್ಡದ ಪಕ್ಕ ಆಫೀಸಿನ ಕ್ಲರ್ಕು ನಿಂತಿದ್ದರು. ಆಕೆಗೆ ಆ ವಾರವಷ್ಟೇ ಗೋಂದಮ್ಮ ಎಂಬ ಹೆಸರು ಬಿದ್ದಿತ್ತು. ಹೆಸರು ಕಾಣದಂತೆ ಪ್ರತಿ ಹಾಳೆಯ ಮೇಲೆ ಕಾಗದದ ಪಟ್ಟಿ ಅಂಟಿಸಿ ಎಂದು ಅಳತೆಪಟ್ಟಿಯವರು ಹೇಳಿದ್ದರು. ಹಾಳೆಯ ಮೊದಲ ಸಾಲಿನಲ್ಲಿ ಹೆಸರು, ನಂಬರು, ತಾರೀಕು, ಎಷ್ಟನೆಯ ಕರಡು ಎಲ್ಲವೂ ಇದ್ದವು. ಗೋಂದಮ್ಮ ಧಾರಾಳ ಮನಸ್ಸಿನವರು, ಇಡೀ ಸಾಲಿಗೇ ಅಂಟಿಸಿಬಿಟ್ಟಿದ್ದರು. ಯಾವುದು ಮೊದಲನೆಯದು, ಯಾವುದು ಕೊನೆಯದು ಎಂದು ತಿಳಿಯಲು ಈಗ ಹಾಳೆಗಳನ್ನು ಜೋಡಿಸಿದ ಕ್ರಮವೊಂದೇ ಗತಿ. ಇನ್ನೊಂದು ನಿಯಮವಿತ್ತು. ತನ್ನ ವಿದ್ಯಾರ್ಥಿಯ ಫೈಲು ಬಂದರೆ ಆ ಮೇಷ್ಟರು ತುಟಿ ಪಿಟಕ್ಕೆನ್ನಕೂಡದು.

ಮಧ್ಯಾಹ್ನದ ಹೊತ್ತಿಗೆ ಹಿರಿಯ ಮೇಷ್ಟರು ಒಂದು ಫೈಲು ಎತ್ತಿಟ್ಟರು. ಅವರು ನಿವೃತ್ತಿಗೆ ಐದು ತಿಂಗಳಿರುವವರು. ಸಭೆಗಳಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಕಲೆ ಸಿದ್ಧಿಸಿದವರು. ಅಂದು ನಿದ್ದೆ ಮಾಡುತ್ತಿರಲಿಲ್ಲ.

"ಇದಕ್ಕೆ ನಾವಿಬ್ಬರೂ ಎರಡು ಕೊಟ್ಟಿದ್ದೀವಿ," ಎಂದರು. "ನಿಯಮ ನೋಡಿ ಕೊಟ್ಟಿದ್ದು. ಮನಸ್ಸು ಒಪ್ತಿಲ್ಲ. ಫೇಲು ಮಾಡೋ ಮುಂಚೆ ಎಲ್ಲರೂ ಒಂದು ಸಲ ಕೇಳಿ."

ಅವರು ಮೇಲಿನ ಹಾಳೆಯನ್ನು ತೆಗೆದು ಓದಿದರು. ಮನೆಯ ಒಂದು ವಸ್ತುವಿನ ಬಗ್ಗೆ ಬರೆಯಿರಿ ಎಂದು ಎಲ್ಲರಿಗೂ ಕೊಟ್ಟ ವಿಷಯ ಅದು.

"ನಮ್ಮಜ್ಜನ ಹಲ್ಲಿನ ಸೆಟ್ಟು ಅಡುಗೆಮನೆ ಕಿಟಕಿಯಲ್ಲಿ ಗಾಜಿನ ಲೋಟದೊಳಗಿದೆ. ಅಜ್ಜ ಹೋಗಿ ಎಂಟು ತಿಂಗಳಾಯಿತು. ಇದ್ದಾಗ ಅವರು ನಕ್ಕಿದ್ದನ್ನು ನಾನು ನೋಡಿಲ್ಲ. ಈಗ ಇಪ್ಪತ್ತನಾಲ್ಕು ಗಂಟೆಯೂ ನಗುತ್ತಾರೆ. ಅಜ್ಜಿ ದಿನಾ ಬೆಳಿಗ್ಗೆ ನೀರು ಬದಲಾಯಿಸುತ್ತಾಳೆ. ಯಾಕೆ ಎಂದರೆ, ಇಲ್ಲದಿದ್ದರೆ ವಾಸನೆ ಬರುತ್ತೆ ಅನ್ನುತ್ತಾಳೆ. ಅಜ್ಜ ಅಜ್ಜಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಜಗಳ ಯಾವುದಕ್ಕೆ ಅನ್ನುವುದು ಇಬ್ಬರಿಗೂ ಮರೆತಿತ್ತು, ಆದರೆ ಯಾರು ಮೊದಲು ಮಾತಾಡಬೇಕು ಅನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು. ಈಗ ಅಜ್ಜಿ ಪಾತ್ರೆ ತೊಳೆಯುತ್ತಾ ಲೋಟಕ್ಕೆ ಎಲ್ಲ ವರದಿ ಒಪ್ಪಿಸುತ್ತಾಳೆ. ಹಲ್ಲು ಎದುರುತ್ತರ ಕೊಡುವುದಿಲ್ಲ. ಇಷ್ಟು ಒಳ್ಳೆಯ ಗಂಡಸು ಎಂದು ಗೊತ್ತೇ ಇರಲಿಲ್ಲ ಅನ್ನುತ್ತಾಳೆ."

ಮೇಜಿನ ಆ ತುದಿಯಲ್ಲಿ ಯಾರೋ ನೀರು ಕುಡಿಯುತ್ತಿದ್ದವರು ಮೂಗಿನಿಂದ ಬಿಟ್ಟರು. ಗೋಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಹಿರಿಯ ಮೇಷ್ಟರು ಮುಂದುವರಿಸಿದರು. ಅತ್ತೆ ಬಂದವರು ಬಾಯಾರಿಕೆಯಲ್ಲಿ ಆ ಲೋಟವನ್ನೇ ಎತ್ತಿದ್ದು, ಅವರು ಚೀರಿದ್ದು, ಅಜ್ಜಿ ಮಾತ್ರ ಹಲ್ಲಿಗೆ ಏನೂ ಆಗಿಲ್ಲವಲ್ಲ ಎಂದು ಕೇಳಿದ್ದು ಎಲ್ಲ ಬಂತು. ಕೊನೆಗೆ ಬಂದಾಗ ಮೇಷ್ಟರ ದನಿ ತಗ್ಗಿತು.

"ಮೊನ್ನೆ ಅಜ್ಜಿ ತನ್ನ ಸೆಟ್ಟನ್ನೂ ತೆಗೆದು ಅದೇ ಲೋಟಕ್ಕೆ ಹಾಕಿದಳು. ಇದಕ್ಕೆ ಬೇರೆ ಲೋಟ ಇದೆಯಲ್ಲ ಎಂದೆ. ಸುಮ್ಮನೆ ಎರಡೆರಡು ಯಾಕೆ ತೊಳೆಯೋದು ಎಂದಳು."

ಹಿರಿಯ ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಆ ಬಾಗಿಲ ಪಕ್ಕದ ಹುಡುಗಿಯ ಬರಹ.

"ಈಗ ಟಿಪ್ಪಣಿ ಕೇಳಿ," ಎಂದು ಮೇಷ್ಟರು ಚೀಟಿ ಓದಿದರು. "ಪೀಠಿಕೆ ಇಲ್ಲ. ಹಲ್ಲು ಎಂದರೇನು ಎಂಬುದನ್ನು ಮೊದಲು ವಿವರಿಸಿ. ನಾನು, ನಮ್ಮ ಎಂಬ ಪದಗಳನ್ನು ಕಡಿಮೆ ಮಾಡಿ. ತೀರಿಕೊಂಡವರ ಬಗ್ಗೆ ಹಗುರವಾದ ಮಾತು ಸಲ್ಲದು. ಉಪಸಂಹಾರ ಎಲ್ಲಿ?"

ಎಲ್ಲರೂ ಗೊಳ್ಳೆಂದರು. ನಾನೂ ನಕ್ಕೆ. ನಗದಿದ್ದರೆ ಸಿಕ್ಕಿಬೀಳುತ್ತಿದ್ದೆ.

ಎರಡನೆಯ ಹಾಳೆಯಲ್ಲಿ ಪೀಠಿಕೆ ಬಂದಿತ್ತು, ಹಲ್ಲಿನ ವಿಧಗಳು ಬಂದಿದ್ದವು. "ಉದಾಹರಣೆಗೆ ನಮ್ಮ ಮನೆಯಲ್ಲಿ ಒಂದು ಸೆಟ್ಟು ಇದೆ, ಅದರ ನೀರನ್ನು ಅಜ್ಜಿ ಪ್ರತಿದಿನ ಬದಲಾಯಿಸುತ್ತಾರೆ" ಎಂಬ ಒಂದು ಸಾಲು ಮಾತ್ರ ಉಳಿದಿತ್ತು. ಅದರ ಟಿಪ್ಪಣಿ: "ಸುಧಾರಣೆ ಇದೆ. ಅಜ್ಜಿ ಇನ್ನೂ ಇದ್ದಾರೆ, ತೆಗೆಯಬಹುದು."

ಮೂರನೆಯ ಹಾಳೆ ಹೀಗೆ ಶುರುವಾಗುತ್ತಿತ್ತು: "ಹಲ್ಲುಗಳು ಮಾನವ ದೇಹದ ಅತ್ಯಂತ ಪ್ರಮುಖ ಅಂಗಗಳಲ್ಲಿ ಒಂದಾಗಿವೆ." ಹೀಗೆ ಮುಗಿಯುತ್ತಿತ್ತು: "ಒಟ್ಟಿನಲ್ಲಿ ಹಲ್ಲುಗಳು ನಮ್ಮ ಜೀವನದಲ್ಲಿ ಮಹತ್ವದ ಪಾತ್ರ ವಹಿಸುತ್ತವೆ." ನಡುವೆ, ಕೃತಕ ದಂತಪಂಕ್ತಿಯ ನೀರನ್ನು ಪ್ರತಿದಿನ ಬದಲಾಯಿಸತಕ್ಕದ್ದು ಎಂದಿತ್ತು. ಅಜ್ಜಿಯನ್ನು ಸಂಪೂರ್ಣವಾಗಿ ತೆಗೆಯಲಾಗಿತ್ತು. ಟಿಪ್ಪಣಿ: "ಬಹಳ ಚೆನ್ನಾಗಿದೆ."

ಹಿಂದಿನ ಜೇಬಿನ ಪತ್ರದಲ್ಲಿ ನಾಲ್ಕೇ ಸಾಲು. "ಓದುವವರಿಗೆ ನಮಸ್ಕಾರ. ನನಗೆ ಗೊತ್ತಿಲ್ಲದ್ದನ್ನು ಮೇಡಂ ತೋರಿಸಿಕೊಟ್ಟರು. ಅವರು ಹೇಳಿದಂತೆಯೇ ಮಾಡಿದ್ದೇನೆ. ದಯವಿಟ್ಟು ಪಾಸು ಮಾಡಿ."

ಮೂರನ್ನೂ ಒಂದರ ಹಿಂದೆ ಒಂದು ಜೋರಾಗಿ ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಒಂದೊಂದು ತಿಂಗಳ ಅಂತರದಲ್ಲಿ, ಕೈಯಲ್ಲಿ ಚಹಾ ಹಿಡಿದು, ತಪ್ಪು ಹುಡುಕುತ್ತಾ ಓದಿದವಳಿಗೆ ಇದು ಹೇಗೆ ತಿಳಿಯಬೇಕು? ಒಂದು ಜೀವಂತ ಮುದುಕಿಯನ್ನು ನಾನು ಎರಡು ಕಂತಿನಲ್ಲಿ ಮನೆಯಿಂದ ಹೊರಹಾಕಿದ್ದೆ.

"ಹಿಮ್ಮುಖ ಬೆಳವಣಿಗೆ," ಎಂದರು ಅಳತೆಪಟ್ಟಿ. ಅವರಿಗೂ ಸಂಕಟವಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. "ಏನು ಮಾಡೋಕಾಗುತ್ತೆ? ಎರಡೇ. ಫೇಲು."

ಲಾಂಡ್ರಿಯ ಕೌಂಟರು ಕಣ್ಣ ಮುಂದೆ ಬಂತು. ಬಾಯಿ ತೆರೆಯಬೇಕೆಂದುಕೊಂಡೆ. ಅಷ್ಟರಲ್ಲಿ ಗೋಂದಮ್ಮ ಗಂಟಲು ಸರಿಮಾಡಿಕೊಂಡರು.

"ಸರ್, ಈ ಮಗು ಉಲ್ಟಾ ಜೋಡಿಸಿರಬಹುದಲ್ವಾ? ನಮ್ಮ ಆಫೀಸಿನ ಫೈಲಲ್ಲಿ ಯಾವಾಗ್ಲೂ ಹೊಸ ಕಾಗದಾನೇ ಮೇಲೆ ಹಾಕೋದು. ಮನೇಲಿ ಯಾರಾದ್ರೂ ಆಫೀಸಲ್ಲಿದ್ದು ಹೇಳಿಕೊಟ್ಟಿರ್ತಾರೆ."

ಒಂದು ಕ್ಷಣ ಎಲ್ಲರೂ ಅವರನ್ನೇ ನೋಡಿದರು. ಆಮೇಲೆ ಕೋಣೆಯಲ್ಲಿ ಗಾಳಿ ಆಡಿತು. ಅಳತೆಪಟ್ಟಿಯವರು ಪಟ್ಟಿಯ ತುದಿ ಕೀಳಲು ನೋಡಿದರು. ಗೋಂದಮ್ಮನ ಗೋಂದು ಯಾವ ಪ್ರಳಯಕ್ಕೂ ಜಗ್ಗುವಂಥದ್ದಲ್ಲ, ಕಾಗದವೇ ಕಿತ್ತುಬಂತು. ಅವರು ಹಾಳೆಗಳನ್ನು ತಿರುಗಿಸಿ ಜೋಡಿಸಿ ಮತ್ತೆ ನೋಡಿದರು. ಅವರ ಮುಖ ಅರಳುತ್ತಾ ಹೋಯಿತು.

"ನೋಡ್ರಿ! ದೇಹದ ಪ್ರಮುಖ ಅಂಗದಿಂದ ಶುರುವಾಗಿದೆ. ಎಲ್ಲ ಮಕ್ಕಳೂ ಹೀಗೇ ಶುರು ಮಾಡೋದು. ಎರಡನೇದರಲ್ಲಿ ಅಜ್ಜಿ ಇಣುಕ್ತಾಳೆ. ಮೂರನೇದರಲ್ಲಿ, ಅಬ್ಬಬ್ಬಾ! ಬೆಳವಣಿಗೆ ಅಂದ್ರೆ ಇದು."

"ಟಿಪ್ಪಣಿಗಳು?" ಎಂದರು ಹಿರಿಯ ಮೇಷ್ಟರು.

"ಅದೇ ಮಜಾ ಇರೋದು! ಸಪ್ಪೆ ಮೊದಲ ಕರಡಿಗೆ 'ಬಹಳ ಚೆನ್ನಾಗಿದೆ' ಅಂತ ಬರೆದಿದ್ದಾರೆ. ಹೆದರಿದ ಮಗುವಿಗೆ ಧೈರ್ಯ ತುಂಬೋದು ಹೀಗೆ. ಎರಡನೇದಕ್ಕೆ 'ಅಜ್ಜಿ ಇನ್ನೂ ಇದ್ದಾರೆ, ತೆಗೆಯಬಹುದು.' ಇದು ಕೆಣಕೋದು ಕಣ್ರೀ! ತೆಗಿ ಅಂದ್ರೆ ಈ ವಯಸ್ಸಿನವರು ತೆಗೀತಾರಾ? ಹಟಕ್ಕೆ ಬಿದ್ದು ಇನ್ನಷ್ಟು ತುಂಬ್ತಾರೆ. ತುಂಬಿದೆ ಈ ಮಗು! ಕೊನೇದಕ್ಕೆ ಬೈಗುಳ, ಅಹಂಕಾರ ಬರಬಾರದು ಅಂತ. ಇಪ್ಪತ್ತು ವರ್ಷದಲ್ಲಿ ಇಂಥ ಬೋಧನೆ ನಾನು ನೋಡಿಲ್ಲ. ಯಾರು ಆ ಮೇಷ್ಟರು?"

ಗೋಂದಮ್ಮ ಫೈಲಿನ ರಟ್ಟಿನ ಮೇಲೆ ತಾವು ಹಾಕಿದ್ದ ನಂಬರನ್ನು ತಮ್ಮ ಯಾದಿಯಲ್ಲಿ ಹುಡುಕಿ ನನ್ನ ಕಡೆ ಬೆರಳು ಮಾಡಿದರು. ಆರಕ್ಕೆ ಆರು ಬಿತ್ತು. ಎಂಟು ಜನ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ, ಅದನ್ನೂ ವಿನಯ ಎಂದುಕೊಂಡರು. ಒಂದು ನಿಮಿಷ ನನಗೆ ನಿಜಕ್ಕೂ ಖುಷಿಯಾಯಿತು. ಯಾರಿಗೆ ಆಗುವುದಿಲ್ಲ ಹೇಳಿ? ಹತ್ತೊಂಬತ್ತು ವರ್ಷದಲ್ಲಿ ನನ್ನ ಟಿಪ್ಪಣಿಗೆ ಬಿದ್ದ ಮೊದಲ ಚಪ್ಪಾಳೆ ಅದು.

ಖುಷಿ ಬಾಗಿಲ ತನಕವೂ ಬರಲಿಲ್ಲ. ಹೊರಡುವಾಗ ಅಳತೆಪಟ್ಟಿಯವರು ಇನ್ನೊಂದು ಮಾತು ಹೇಳಿದರು. ಈ ಫೈಲು ಮುಂದಿನ ವರ್ಷಕ್ಕೆ ಮಾದರಿ. ನನ್ನ ಟಿಪ್ಪಣಿಗಳನ್ನು ಎಲ್ಲ ಮೇಷ್ಟರಿಗೂ ಹಂಚುತ್ತಾರೆ. ನಾಳೆ ಹತ್ತು ಗಂಟೆಗೆ ಆ ಹುಡುಗಿ ಬಂದು ತಾನು ಹೇಗೆ ಬೆಳೆದೆ ಎಂದು ಎಲ್ಲರೆದುರು ಹೇಳಬೇಕು.

ಸಂಜೆ ಮನೆಗೆ ಹೋದಾಗ ಅಕ್ಕ ನೆಲದ ಮೇಲೆ ಬಟ್ಟೆ ಹರಡಿಕೊಂಡು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ಅವಳು ದರ್ಜಿ. ನಾವಿಬ್ಬರೂ ಒಂದೇ ಮನೆಯಲ್ಲಿ ಇರುವುದು ಅವಳು ನನ್ನ ಮಾತು ಕೇಳುತ್ತಾಳೆಂದಲ್ಲ, ನನ್ನ ಮಾತನ್ನು ನಡುವೆ ಕತ್ತರಿಸುವವಳು ಅವಳೊಬ್ಬಳೇ ಎಂದು. ಫೈಲಿನ ಪ್ರತಿಯನ್ನು ನಾನು ತಂದಿದ್ದೆ. ಮೂರನ್ನೂ ಓದಿ ಹೇಳಿದೆ, ಸರಿಯಾದ ಕ್ರಮದಲ್ಲಿ. ಮೊದಲನೆಯದಕ್ಕೆ ಅವಳು ನಕ್ಕು ನಕ್ಕು ಗೆರೆ ಸೊಟ್ಟ ಎಳೆದಳು. ಮೂರನೆಯದು ಅರ್ಧ ಆಗುವಾಗ ಎದ್ದು ಹೋಗಿ ಗ್ಯಾಸ್ ಆರಿಸಿ ಬಂದಳು.

"ಆ ಮೂರನೇದು ನೀನು ಬರ್ದಿದ್ದಾ?" ಎಂದು ಕೇಳಿದಳು.

"ಅಲ್ಲ ಕಣೆ, ಅದೂ ಅವಳೇ."

"ನಿನ್ನ ಥರಾನೇ ಇದೆ."

ನನಗೆ ರೋಷ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಸಮಸ್ಯೆ ವಿವರಿಸಿದೆ. ನಿಜ ಹೇಳಿದರೆ ಹುಡುಗಿಗೆ ಎರಡು, ಹುಡುಗಿ ಲಾಂಡ್ರಿಗೆ. ಹೇಳದಿದ್ದರೆ ಮುಂದಿನ ವರ್ಷ ಮುನ್ನೂರು ಮಕ್ಕಳಿಗೆ ನನ್ನ ಟಿಪ್ಪಣಿಯೇ ಅಜ್ಜಿಯರನ್ನು ಹೊರಹಾಕುವ ಬೇದಿಮಾತ್ರೆ.

"ಬಟ್ಟೆ ಕೆಡಿಸಿದ್ದು ದರ್ಜಿ," ಎಂದಳು ಅಕ್ಕ ಕತ್ತರಿ ಎತ್ತಿಕೊಂಡು. "ಗಿರಾಕಿಗೆ ಯಾಕೆ ಬೈತಾರೆ? ನಾನು ಕೆಡಿಸಿದೆ ಅನ್ನು. ನಂಗೆ ಸೊನ್ನೆ ಕೊಡಿ, ಅವಳಿಗೆ ಬರಬೇಕಾದ್ದು ಕೊಡಿ ಅನ್ನು. ಅಷ್ಟೇ."

ಅಕ್ಕನ ಬಾಯಲ್ಲಿ ಎಲ್ಲವೂ ಅಷ್ಟೇ. ಆದರೂ ಆ ಮಾತು ನನಗೆ ಹಿಡಿಸಿತು. ಬೆಳಿಗ್ಗೆ ಏಳುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಭಾಷಣ ಸಿದ್ಧಪಡಿಸಿದ್ದೆ. ಹುಡುಗಿಯನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಲೇ ಇಲ್ಲ.

ಹತ್ತು ಗಂಟೆಗೆ ಅವಳು ಸಭೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಅವಳ ಭುಜ ತಟ್ಟಿ, "ಹೆದರಬೇಡ, ನಾನು ನೋಡ್ಕೋತೀನಿ" ಎಂದು ಒಳಗೆ ಹೋದೆ. ಬಾಗಿಲು ಅರ್ಧ ತೆರೆದೇ ಇತ್ತು.

"ಸರ್, ಫೈಲಿನ ಕ್ರಮ ಸರಿಯಾಗೇ ಇತ್ತು," ಎಂದೆ. "ಅವಳು ಮೊದಲು ಬರೆದಿದ್ದೇ ಆ ಅಜ್ಜಿಯ ಬರಹ. ಅದನ್ನ ಕೆಡಿಸಿದ್ದು ನಾನು. ಬೆಳವಣಿಗೆ ಕಾಲಮ್ಮಿನ ಸೊನ್ನೆ ನನ್ನ ಹೆಸರಿಗೆ ಬರ್ಕೊಳ್ಳಿ. ಅವಳ ಬರಹಕ್ಕೆ ಮಾತ್ರ ಅಂಕ ಕೊಡಿ."

ಅಳತೆಪಟ್ಟಿಯವರು ನಕ್ಕರು. ಪ್ರೀತಿಯ ನಗು. ಅದೇ ನನ್ನನ್ನು ಕೊಂದದ್ದು.

"ವಿನಯಕ್ಕೂ ಒಂದು ಮಿತಿ ಇರಬೇಕು ಮೇಡಂ."

"ವಿನಯ ಅಲ್ಲ ಸರ್, ನಿಜ!"

"ಆ ಅಜ್ಜಿಯನ್ನ ಬರೆದ ಕೈ ಆಮೇಲೆ ದಂತಪಂಕ್ತಿ ಅಂತ ಬರೆಯುತ್ತಾ? ಮನುಷ್ಯಮಾತ್ರರಿಂದ ಸಾಧ್ಯಾನಾ? ಯಾವ ಮೇಷ್ಟರು ತಾನೇ ಅಂಥ ಬರಹ ನೋಡಿ 'ಹಲ್ಲು ಎಂದರೇನು ವಿವರಿಸಿ' ಅಂತ ಹೇಳ್ತಾರೆ?"

"ನಾನು ಹೇಳಿದೆ!" ಎಂದು ನಾನು ಕಿರುಚಿದೆ. ತನ್ನ ದಡ್ಡತನ ಸಾಬೀತು ಮಾಡಲು ಅಷ್ಟು ಒದ್ದಾಡಿದವರು ಆ ಕಾಲೇಜಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಅಲ್ಲಿದ್ದವರೆಲ್ಲ ತಮ್ಮ ತಮ್ಮ ಫೈಲುಗಳಲ್ಲಿ ಅಂಥವೇ ಚೀಟಿಗಳನ್ನು ಪಿನ್ನು ಹೊಡೆದು ಬಂದವರು. ನನ್ನನ್ನು ನಂಬಿದರೆ ತಮ್ಮನ್ನೂ ನೋಡಿಕೊಳ್ಳಬೇಕಾಗುತ್ತಿತ್ತು. ನಂಬದಿರುವುದೇ ಎಲ್ಲರಿಗೂ ಸುಖವಾಗಿತ್ತು.

ಹಿರಿಯ ಮೇಷ್ಟರೊಬ್ಬರೇ ನನ್ನನ್ನು ನೆಟ್ಟಗೆ ನೋಡಿದರು. "ವಾದ ಯಾಕೆ? ಹುಡುಗಿ ಹೊರಗೇ ಇದ್ದಾಳೆ. ಕೇಳಿಬಿಡೋಣ."

ಅವಳು ಬಂದು ಮೇಜಿನ ತುದಿಯಲ್ಲಿ ನಿಂತಳು. ಅಳತೆಪಟ್ಟಿಯವರು ಹಾಳೆಗಳನ್ನು ಅವಳ ಮುಂದೆ ಹರಡಿದರು. "ಯಾವುದನ್ನ ಮೊದಲು ಬರೆದೆಯಮ್ಮ? ಹೆದರದೆ ಹೇಳು."

ಅವಳು ಹಾಳೆಗಳನ್ನು ನೋಡಿದಳು, ನನ್ನನ್ನು ನೋಡಿದಳು. ನಿಜ ಹೇಳು ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವಳು ದಂತಪಂಕ್ತಿಯ ಹಾಳೆಯ ಮೇಲೆ ಬೆರಳಿಟ್ಟಳು.

"ಇದನ್ನ ಸರ್. ಬರವಣಿಗೆ ವಿದ್ಯಾರ್ಥಿ ಜೀವನದಲ್ಲಿ ಬಹಳ ಮುಖ್ಯವಾದದ್ದು. ಮೊದಲು ನನಗೆ ವಿಷಯ ನಿರೂಪಣೆ ಗೊತ್ತಿರಲಿಲ್ಲ. ನಂತರ ಮೇಡಂ ಅವರ ಮಾರ್ಗದರ್ಶನದಿಂದ ಹಂತ ಹಂತವಾಗಿ ಸುಧಾರಣೆ ಉಂಟಾಯಿತು. ಒಟ್ಟಿನಲ್ಲಿ ಈ ಫೈಲು ನನ್ನ ಬೆಳವಣಿಗೆಯಲ್ಲಿ ಮಹತ್ವದ ಪಾತ್ರ ವಹಿಸಿದೆ."

ಪೀಠಿಕೆ, ವಿವರಣೆ, ಉಪಸಂಹಾರ. ಒಂದು ಪದ ಆಚೀಚೆ ಇಲ್ಲ. ಚಪ್ಪಾಳೆ ಬಿತ್ತು. ಅಳತೆಪಟ್ಟಿಯವರು ಪಾಸಾದವರ ಪಟ್ಟಿಗೆ ಅಲ್ಲೇ ಸಹಿ ಹಾಕಿ ಗೋಂದಮ್ಮನ ಕೈಗಿತ್ತರು. ಹಿರಿಯ ಮೇಷ್ಟರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಕಾರಿಡಾರಿನಲ್ಲಿ ಅವಳನ್ನು ತಡೆದು ನಿಲ್ಲಿಸಿದೆ. "ಯಾಕಮ್ಮ ಸುಳ್ಳು ಹೇಳಿದೆ? ನಾನು ಎಲ್ಲ ನನ್ನ ಮೇಲೆ ಹಾಕ್ಕೊಳ್ತಾ ಇದ್ದೆನಲ್ಲ."

"ಹೊರಗೆ ಕೇಳಿಸ್ತು ಮೇಡಂ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವರು ನಂಬಿಬಿಟ್ಟಿದ್ರೆ? ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ನನ್ನ ವರ್ಷ ಯಾಕೆ ಮೇಡಂ?"

ಕೆನ್ನೆಗೆ ಬಿಗಿದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜ. ಅವಳ ಅಜ್ಜಿಯನ್ನು ತೆಗೆಯುವಾಗಲೂ ಕೇಳಲಿಲ್ಲ, ಅವಳ ವರ್ಷವನ್ನು ಪಣಕ್ಕಿಡುವಾಗಲೂ ಕೇಳಲಿಲ್ಲ. ನನಗೆ ನಾಚಿಕೆಯಾಯಿತು, ತಪ್ಪಾಯ್ತು ಎಂದೆ. ಅವಳು ತಲೆಯಾಡಿಸಿ ಎರಡು ಹೆಜ್ಜೆ ಹೋದವಳು ಮತ್ತೆ ನಿಂತಳು.

"ಮೇಡಂ, ಒಂದು ಕೇಳ್ಲಾ? ಆ ಮೊದಲನೇದು. ಓದಿದಾಗ ನಿಮಗೆ ಹೇಗನ್ನಿಸಿತ್ತು?"

"ನಕ್ಕಿದ್ದೆ," ಎಂದೆ. ಹೇಳುತ್ತಿದ್ದಂತೆ ಎಲ್ಲ ನೆನಪಿಗೆ ಬಂತು. "ಚಹಾ ಚೆಲ್ಲಿಕೊಂಡು ನಕ್ಕಿದ್ದೆ. ಕೊನೇ ಸಾಲಿಗೆ ಅತ್ತಿದ್ದೆ. ನಮ್ಮಮ್ಮನ ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಮುಖ ತೊಳ್ಕೊಂಡು ಬಂದು ಟಿಪ್ಪಣಿ ಟೈಪ್ ಮಾಡೋಕೆ ಕೂತೆ."

ಅವಳು ಕಣ್ಣರಳಿಸಿ ನನ್ನನ್ನೇ ನೋಡಿದಳು. ಪಾಸಿನ ಪಟ್ಟಿಗೆ ಸಹಿ ಬಿದ್ದಾಗ ಆ ಮುಖದಲ್ಲಿ ಕಾಣದಿದ್ದದ್ದು ಈಗ ಕಂಡಿತು.

"ನಿಜವಾಗ್ಲೂ?"

"ಆಣೆಗೂ."

"ಹಾಗಾದ್ರೆ ಅದನ್ನ ಚೀಟಿಯಲ್ಲಿ ಯಾಕೆ ಬರೀಲಿಲ್ಲ?"

ನನ್ನನ್ನು ಮೂದಲಿಸಲು ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಸಾಲು ಸಾಲಾಗಿ ಉತ್ತರಗಳು ಬಾಯಿಯ ತನಕ ಬಂದು, ಒಂದೊಂದೂ ಅಳತೆಪಟ್ಟಿಯವರ ದನಿಯಲ್ಲೇ ಇದ್ದದ್ದು ಕೇಳಿಸಿ, ವಾಪಸು ಹೋದವು.

"ಗೊತ್ತಿಲ್ಲಮ್ಮ," ಎಂದೆ.

ಅವಳು ಸ್ವಲ್ಪ ಹೊತ್ತು ಕಾದಳು. ಮೊದಲ ಕರಡು ತಂದ ವಿದ್ಯಾರ್ಥಿಯ ಮುಂದೆ ನಾನು ಕಾಯುತ್ತೇನಲ್ಲ, ಹಾಗೆ.

"ಪರವಾಗಿಲ್ಲ ಮೇಡಂ," ಎಂದಳು. "ಮುಂದಿನ ಸಲ ಅದನ್ನೇ ಮೊದಲು ಬರೀರಿ."

ಅಷ್ಟು ಹೇಳಿ ಚೀಲ ಹೆಗಲಿಗೇರಿಸಿಕೊಂಡು ತರಗತಿಗೆ ಹೋದಳು. ನಾನು ಅಲ್ಲೇ ನಿಂತು ಅವಳ ಮಾತನ್ನು ಅಂಗೈ ಮೇಲೆ ಬರೆದುಕೊಂಡೆ.